ಹಳ್ಳಿಯ ಹೆಂಗಸರ ನಡುವೆ ಯೋಗ ಶಿಕ್ಷಕಿ

ಯೋಗವೆಂದೊಡನೆ ನಮ್ಮ ಕಣ್ಣ ಮುಂದೆ ಸಾಮಾನ್ಯವಾಗಿ ಎರಡು ಚಿತ್ರಗಳು ನಿಲ್ಲುತ್ತವೆ. ಒಂದು, ಕೃಷ್ಣಾಜಿನದ ಮೇಲೆ ಕಣ್ಮುಚ್ಚಿ ಕುಳಿತ ಋಷಿಯ ಚಿತ್ರ. ಇನ್ನೊಂದು, ಪಟ್ಟಣದ ಉದ್ಯಾನದಲ್ಲಿ ಬಣ್ಣದ ಚಾಪೆ ಹಾಸಿಕೊಂಡು ಬೆಳಗಿನ ತಂಪಿನಲ್ಲಿ ಕೈಕಾಲು ಚಾಚುತ್ತಿರುವ ಸುಖವಂತರ ಚಿತ್ರ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಸರುಗದ್ದೆಯಲ್ಲಿ ಬಗ್ಗಿ ನಿಂತು ಪೈರು ನೆಡುತ್ತಿರುವ ಹೆಂಗಸಿಗೆ ಈ ಎರಡು ಚಿತ್ರಗಳಲ್ಲಿ ಯಾವುದರಲ್ಲಿಯೂ ಸ್ಥಳವಿಲ್ಲ. ಆದರೆ ವಿಶ್ವಸಂಸ್ಥೆಯು 2014ರ ಡಿಸೆಂಬರ್ 11ರಂದು ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಅಂಗೀಕರಿಸಿ, 2015ರಿಂದ ಅದರ ಆಚರಣೆ ನಡೆಯುತ್ತ ಬಂದಮೇಲೆ, ಯೋಗವು ಹಳ್ಳಿಯ ಶಾಲೆಯ ಅಂಗಳಕ್ಕೂ ಬಂದಿದೆ. ಬಂದದ್ದೇನೋ ಸಂತೋಷವೇ. ಆದರೆ ಹಾಗೆ ಹಳ್ಳಿಗೆ ಹೋಗುವ ಶಿಕ್ಷಕಿ ಅಲ್ಲಿಯ ಹೆಂಗಸರಿಗೆ ಏನನ್ನು ಕಲಿಸಬೇಕು? ಅದಕ್ಕಿಂತ ಮೊದಲು, ಅವರಿಂದ ಏನನ್ನು ಕಲಿಯಬೇಕು? ಈ ಎರಡನೆಯ ಪ್ರಶ್ನೆಯನ್ನು ಕುರಿತು ಕೆಲವು ವಿಚಾರಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ವಲ್ಪ ಹಿನ್ನೆಲೆ

ಇಂದು ಜಗತ್ತಿನಾದ್ಯಂತ ಹಬ್ಬಿರುವ ಆಸನಾಭ್ಯಾಸದ ಒಂದು ಮುಖ್ಯ ತವರು ನಮ್ಮ ಮೈಸೂರೇ ಎಂಬುದು ಹೆಮ್ಮೆಯ ಸಂಗತಿ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅವರ 'ಯೋಗ ಮಕರಂದ' 1934ರಲ್ಲಿಯೂ 'ಯೋಗಾಸನಗಳು' 1941ರಲ್ಲಿಯೂ ಪ್ರಕಟವಾದವು; ಎರಡೂ ಕನ್ನಡ ಗ್ರಂಥಗಳೆಂಬುದು ಗಮನಾರ್ಹ. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಪಟ್ಟಾಭಿ ಜೋಯಿಸರು ಹಾಸನ ಜಿಲ್ಲೆಯ ಕೌಶಿಕದವರು. ಇಬ್ಬರೂ ಹಳ್ಳಿಯ ಮಕ್ಕಳೇ.

ಆದರೆ ಆ ಯೋಗಶಾಲೆಯಲ್ಲಿ ಕಲಿತವರಲ್ಲಿ ಬಹುಮಂದಿ ಹುಡುಗರು. ರೀಗಾ ನಗರದಲ್ಲಿ 1899ರಲ್ಲಿ ಹುಟ್ಟಿ, ಮುಂದೆ ಇಂದ್ರಾದೇವಿಯೆಂದು ಹೆಸರಾದ ಮಹಿಳೆಯು 1930ರ ದಶಕದ ಕೊನೆಯಲ್ಲಿ ಮೈಸೂರಿಗೆ ಬಂದು ಶಿಷ್ಯತ್ವ ಕೇಳಿದಾಗ, ಆಚಾರ್ಯರು ಮೊದಲು ಒಪ್ಪಲಿಲ್ಲವೆಂದೂ ಮಹಾರಾಜರು ಹೇಳಿದ ಮೇಲೆ ಒಪ್ಪಿದರೆಂದೂ ಹೇಳುತ್ತಾರೆ. ಆಕೆ ಕಲಿತು, ಮುಂದೆ ಶಾಂಘೈಯಲ್ಲಿಯೂ ಅಮೆರಿಕದಲ್ಲಿಯೂ ಕಲಿಸಿದರು. ಸಾವಿರಾರು ಮೈಲಿ ದೂರದಿಂದ ಬಂದವರಿಗೆ, ಕಷ್ಟದಿಂದಲಾದರೂ, ಆ ಬಾಗಿಲು ತೆರೆಯಿತು. ಅದೇ ಊರಿನ ಮಾರುಕಟ್ಟೆಗೆ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿಗೆ ಅಲ್ಲೊಂದು ಬಾಗಿಲಿದೆಯೆಂದೇ ತಿಳಿದಿರಲಾರದು. ಇದು ಯಾರನ್ನೂ ದೂಷಿಸಲು ಹೇಳುವ ಮಾತಲ್ಲ. ವಿದ್ಯೆಯೊಂದು ಹುಟ್ಟಿದ ನೆಲದಲ್ಲಿಯೇ ಯಾರ ಕೈಗೆ ಎಟುಕುತ್ತದೆ, ಯಾರ ಕೈಗೆ ಎಟುಕುವುದಿಲ್ಲ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾಗಿದೆ, ಅಷ್ಟೆ. ಯೋಗವನ್ನು ಹಳ್ಳಿಯ ಜನರ ನಡುವೆಯೇ ಬೆಳೆಸಿದವರೂ ನಮ್ಮಲ್ಲಿ ಇಲ್ಲದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ನೆಲೆಸಿ ಯೋಗ ಮತ್ತು ಆಯುರ್ವೇದಗಳೆರಡರಿಂದಲೂ ಜನಸೇವೆ ಮಾಡಿ 1996ರಲ್ಲಿ ಕಾಲವಾದ, 'ತಿರುಕ' ಎಂಬ ಕಾವ್ಯನಾಮದ ಶ್ರೀ ರಾಘವೇಂದ್ರ ಸ್ವಾಮಿಗಳನ್ನು ಇಲ್ಲಿ ನೆನೆಯಲೇಬೇಕು.

ದುಡಿಮೆಯೂ ಆಸನವೂ

"ಹಳ್ಳಿಯ ಹೆಂಗಸರು ದಿನವೆಲ್ಲಾ ದುಡಿಯುತ್ತಾರೆ, ಅವರಿಗೆ ವ್ಯಾಯಾಮವೇತಕ್ಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಕೊಡಬೇಕಾದರೆ ಆ ದುಡಿಮೆಯನ್ನು ಮೊದಲು ಕಣ್ಣಿಟ್ಟು ನೋಡಬೇಕು.

ನಾಲೆಯ ಬಯಲಿನಲ್ಲಿ ನಾಟಿಯ ಕೆಲಸವನ್ನೇ ತೆಗೆದುಕೊಳ್ಳೋಣ. ಹೆಂಗಸು ಮೊಣಕಾಲಿನ ಕೆಳಗಿನವರೆಗೆ ಕೆಸರಿನಲ್ಲಿ ಹೂತು, ಸೊಂಟದಿಂದ ಮುಂದಕ್ಕೆ ಬಗ್ಗಿ, ಎಡಗೈಯಲ್ಲಿ ಪೈರಿನ ಕಟ್ಟು ಹಿಡಿದು, ಬಲಗೈಯಿಂದ ನೆಡುತ್ತ ಹಿಂದೆ ಹಿಂದೆ ಸರಿಯುತ್ತಾಳೆ. ಯೋಗದ ಉತ್ತಾನಾಸನದಲ್ಲಿಯೂ ಮೈ ಹೀಗೆಯೇ ಮುಂದಕ್ಕೆ ಬಾಗುತ್ತದೆ. ಆದರೆ ಆಸನದಲ್ಲಿ ಇರುವುದು ಕೆಲವು ಉಸಿರಿನ ಕಾಲ; ಗದ್ದೆಯಲ್ಲಿ ಗಂಟೆಗಟ್ಟಲೆ. ಆಸನದಲ್ಲಿ ಎರಡು ಪಾರ್ಶ್ವಗಳಿಗೂ ಸಮಪಾಲು. ಗದ್ದೆಯಲ್ಲಿ ಒಂದು ಕೈಗೆ ಒಂದೇ ಕೆಲಸ. ಆಸನದಲ್ಲಿ ಸಾಕೆನಿಸಿದಾಗ ಎದ್ದೇಳಬಹುದು. ಗದ್ದೆಯಲ್ಲಿ ಸಾಲಿನ ಉಳಿದವರು ಎದ್ದಾಗ ಏಳಬೇಕು. ಬಿಂದಿಗೆಯನ್ನು ಯಾವಾಗಲೂ ಒಂದೇ ಸೊಂಟದ ಮೇಲೆ ಇಟ್ಟುಕೊಳ್ಳುವುದು, ಬಗ್ಗಿ ಕಸ ಗುಡಿಸುವುದು, ಕುಡುಗೋಲು ಹಿಡಿದು ಕೊಯ್ಲು ಮಾಡುವುದು, ಕಳೆ ಕೀಳುವುದು, ಇವೆಲ್ಲವೂ ಹೀಗೆಯೇ. ಆದ್ದರಿಂದ ದುಡಿಮೆಯು ದೇಹಕ್ಕೆ ಬಲ ಕೊಡುವುದು ನಿಜವಾದರೂ, ಅದೇ ಬಲದ ಬೆನ್ನಿಗೆ ನೋವನ್ನೂ ಕಟ್ಟಿಕೊಡುತ್ತದೆ.

ಇದರಿಂದ ಶಿಕ್ಷಕಿಗೆ ಮೊದಲನೆಯ ಪಾಠ ದೊರಕುತ್ತದೆ. ಪಟ್ಟಣದಲ್ಲಿ ಕುರ್ಚಿಯ ಮೇಲೆ ಕುಳಿತು ಮೈ ಬಿಗಿದುಕೊಂಡವರಿಗೆ ಮುಂದಕ್ಕೆ ಬಾಗುವ ಆಸನಗಳು ಹಿತವೆನಿಸಬಹುದು. ದಿನವೆಲ್ಲಾ ಬಗ್ಗಿಯೇ ಇದ್ದವಳಿಗೆ ಸಂಜೆ ಮತ್ತೆ ಬಗ್ಗಲು ಹೇಳುವುದು ಹೊರೆಯ ಮೇಲೆ ಹೊರೆ ಇಟ್ಟಂತೆ. ಅವಳಿಗೆ ಬೇಕಾದುದು ಎದೆ ತೆರೆದು ಮೆಲ್ಲನೆ ಹಿಂದಕ್ಕೆ ಬಾಗುವ ಭುಜಂಗಾಸನ, ಬೆನ್ನಿನ ಮೇಲೆ ಮಲಗಿ ಸೊಂಟವನ್ನು ಹಗುರವಾಗಿ ಎತ್ತುವ ಸೇತುಬಂಧ, ಬೋರಲು ಮಲಗಿ ವಿಶ್ರಮಿಸುವ ಮಕರಾಸನ, ಗೋಡೆಗೆ ಕಾಲು ಚಾಚಿ ಮಲಗುವುದು ಮೊದಲಾದುವು. ಹಳ್ಳಿಯವರ ಕೆಲಸವನ್ನು ಕಾಣದೆ ಮೊದಲೇ ಬರೆದುಕೊಂಡು ಹೋದ ಪಾಠ ಎಷ್ಟೇ ಶಾಸ್ತ್ರೀಯವಾಗಿದ್ದರೂ ಅಲ್ಲಿ ಹೊಂದುವುದಿಲ್ಲ.

ಎರಡನೆಯ ಪಾಠ ಇದಕ್ಕಿಂತ ಸ್ವಾರಸ್ಯವಾದುದು. ಕುಕ್ಕರಗಾಲಿನಲ್ಲಿ ಕೂರುವ ಮಾಲಾಸನವನ್ನು ಪಟ್ಟಣದವರು ವಾರಗಟ್ಟಲೆ ಅಭ್ಯಾಸ ಮಾಡಿದರೂ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ಶಿಕ್ಷಕಿ ಅದನ್ನು ಮಾಡಿ ತೋರಿಸಿದಳೆನ್ನೋಣ. ಎಪ್ಪತ್ತು ವರ್ಷದ ಅಜ್ಜಿಯೊಬ್ಬಳು, "ಇದೇನವ್ವಾ ಹೊಸದು? ಸೊಪ್ಪು ಸೋಸೋವಾಗ ನಾವು ಹಿಂಗೇ ಅಲ್ವಾ ಕೂತ್ಕಳೋದು!" ಎಂದು ನಕ್ಕರೆ ಆಶ್ಚರ್ಯವಿಲ್ಲ. ಆಗ ಶಿಕ್ಷಕಿಯು, "ಹಂಗಾದ್ರೆ ಅಜ್ಜಿ, ನೀವೇ ಮುಂದೆ ಬಂದು ಇವರಿಗೆಲ್ಲಾ ತೋರ್ಸಿ" ಎಂದರೆ ಆ ತರಗತಿಯ ಸ್ವರೂಪವೇ ಬದಲಾಗುತ್ತದೆ. ಕಲಿಸುವವಳು ಒಬ್ಬಳು, ಕಲಿಯುವವರು ಉಳಿದವರು ಎಂಬ ಗೋಡೆ ಅಲ್ಲಿಗೆ ಬೀಳುತ್ತದೆ.

ಇದು ಬರಿಯ ಮರ್ಯಾದೆಯ ಮಾತಲ್ಲ. ಯೋಗಕ್ಕೂ ಹಳ್ಳಿಯ ದುಡಿಮೆಗೂ ನಿಜವಾದ ನಂಟುಂಟು. ಹಲಾಸನವೆಂದರೆ ನೇಗಿಲು. 1969ರಲ್ಲಿ ಮೊದಲು ಪ್ರಕಟವಾದ ಸ್ವಾಮಿ ಸತ್ಯಾನಂದ ಸರಸ್ವತಿಯವರ ಪ್ರಸಿದ್ಧ ಆಸನ ಗ್ರಂಥದಲ್ಲಿ ಬೀಸುಕಲ್ಲು ತಿರುಗಿಸುವ ಚಕ್ಕೀಚಾಲನಾಸನ, ಸೌದೆ ಸೀಳುವ ಕಾಷ್ಠತಕ್ಷಣಾಸನ, ಹಗ್ಗ ಸೇದುವ ರಜ್ಜುಕರ್ಷಣಾಸನ ಎಂಬುವು ಬರುತ್ತವೆ. ಬಾವಿಯಿಂದ ನೀರು ಸೇದಿದ ಕೈಗೆ ಈ ಕೊನೆಯದನ್ನು ಕಲಿಸುವ ಅಗತ್ಯವೇ ಇಲ್ಲ. ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತು ನಡೆಯುವವಳ ನೆಟ್ಟನೆಯ ಬೆನ್ನನ್ನು ನೋಡಿದರೆ ತಾಡಾಸನದ ವಿವರಣೆ ಬೇರೆ ಬೇಕಿಲ್ಲ. ಕೀನ್ಯಾ ದೇಶದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಶೇಕಡ 20ರಷ್ಟು ಹೊರೆಯನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರಬಲ್ಲರೆಂದು 1986ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಾಗ ಲೋಕ ಬೆರಗಾಯಿತು. ಹೊರೆ ಹೊರುವುದೂ ಒಂದು ವಿದ್ಯೆ. ಅದನ್ನು ಬಲ್ಲವರ ಮುಂದೆ ಶಿಕ್ಷಕಿ ನಮ್ರಳಾಗಿರುವುದು ಯುಕ್ತ.

ಉಸಿರಿನ ವಿಷಯದಲ್ಲಿಯೂ ಹೀಗೆಯೇ. ಹಿಟ್ಟಿನ ಗಿರಣಿ ಬರುವುದಕ್ಕೆ ಮೊದಲು ನಮ್ಮ ತಾಯಂದಿರು ನಸುಕಿನಲ್ಲೆದ್ದು ರಾಗಿ ಬೀಸುತ್ತ ಹಾಡುತ್ತಿದ್ದರು. ಅಂಥ ಹಾಡುಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದುದನ್ನು ಕನ್ನಡ ವಿದ್ಯಾರ್ಥಿಗಳು ಬಲ್ಲರು. ಸಾಹಿತ್ಯದ ದೃಷ್ಟಿಯಿಂದ ನಾವು ಅವನ್ನು ಓದುತ್ತೇವೆ; ಉಸಿರಿನ ದೃಷ್ಟಿಯಿಂದಲೂ ನೋಡಬಹುದು. ಹಾಡುವಾಗ ಉಸಿರನ್ನು ಬೇಗನೆ ಎಳೆದುಕೊಂಡು ನಿಧಾನವಾಗಿ ಬಿಡಬೇಕಾಗುತ್ತದೆ. ಪ್ರಾಣಾಯಾಮದ ಆರಂಭದಲ್ಲಿ ಶಿಕ್ಷಕರು ಹೇಳಿಕೊಡುವುದೂ ದೀರ್ಘವಾದ ನಿಶ್ವಾಸವನ್ನೇ. "ಪ್ರಾಣಾಯಾಮ ಮಾಡಿ" ಎಂದರೆ ಸಂಕೋಚಪಡುವವರು, "ಒಂದು ಸೋಬಾನೆ ಹೇಳಿ" ಎಂದರೆ ಸಂತೋಷದಿಂದ ಹೇಳುತ್ತಾರೆ. ತರಗತಿಯನ್ನು ಅಲ್ಲಿಂದ ಆರಂಭಿಸಬಾರದೇಕೆ?

ಪರಿಚಯದ ದಾರಿ

ಊರೊಂದರ ಹೆಂಗಸರನ್ನು ಅರಿಯುವುದು ಒಂದು ದಿನದ ಕೆಲಸವಲ್ಲ. ಶಿಕ್ಷಕಿ ಮೊದಲು ಅರಿಯಬೇಕಾದುದು ಅವರ ಹೊತ್ತನ್ನು. ಬ್ರಾಹ್ಮೀ ಮುಹೂರ್ತವೇ ಯೋಗಕ್ಕೆ ಪ್ರಶಸ್ತವೆಂದು ಹೇಳುವುದು ವಾಡಿಕೆ. ಆದರೆ ಅದೇ ಹೊತ್ತಿನಲ್ಲಿ ಹಳ್ಳಿಯ ಮನೆಯಲ್ಲಿ ಕೊಟ್ಟಿಗೆ ಬಳಿಯಬೇಕು, ಅಂಗಳ ಸಾರಿಸಿ ರಂಗೋಲಿ ಇಡಬೇಕು, ಹಾಲು ಕರೆದು ಡೈರಿಗೆ ಹಾಕಬೇಕು, ಮಕ್ಕಳನ್ನು ಶಾಲೆಗೆ ಹೊರಡಿಸಬೇಕು. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ನಮ್ಮ ದೇಶದ ಹೆಂಗಸರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರು. 2024ರಲ್ಲಿ ಆ ಸಂಖ್ಯೆಗಳು 289 ಮತ್ತು 88. ಹೊಲದ ಕೆಲಸವೂ ಕೂಲಿಯೂ ಇದಕ್ಕೆ ಸೇರಿಲ್ಲ. ಸುಮಾರು ಐದು ಗಂಟೆಗಳ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವಳು, ಬೆಳಗ್ಗೆ ಆರಕ್ಕೆ ತರಗತಿ ಇಟ್ಟು ಯಾರೂ ಬರಲಿಲ್ಲವೆಂದು ಕೊರಗುವುದಿಲ್ಲ. ಗದ್ದೆಯ ಕೆಲಸ ಮುಗಿದು ಸಂಜೆಯ ಒಲೆ ಹೊತ್ತುವ ಮೊದಲಿನ ಅರ್ಧ ಗಂಟೆಯೋ, ಸ್ವಸಹಾಯ ಸಂಘದ ವಾರದ ಸಭೆಯ ದಿನವೋ ಹೆಚ್ಚು ಅನುಕೂಲ.

ಈ ಸಂಘಗಳೇ ಪರಿಚಯಕ್ಕೆ ಒಳ್ಳೆಯ ಬಾಗಿಲು. ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಕರ್ನಾಟಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅವುಗಳಿಗೆ ಬ್ಯಾಂಕಿನ ಸಂಪರ್ಕ ಕಲ್ಪಿಸುವ ಕಾರ್ಯವನ್ನು ಆರಂಭಿಸಿತು. ಆಮೇಲೆ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಹಬ್ಬಿದವು. ಉಳಿತಾಯದ ಹಣ ಎಣಿಸಲು ಸೇರಿದವರು ತಮ್ಮ ಮೈನೋವನ್ನೂ ಎಣಿಸಿಕೊಳ್ಳುವುದು ಸಹಜ. ಅಂಗನವಾಡಿ ಕಾರ್ಯಕರ್ತೆಯೂ ಆಶಾ ಕಾರ್ಯಕರ್ತೆಯೂ ಊರಿನ ಮನೆಮನೆಯನ್ನು ಬಲ್ಲವರಾದ್ದರಿಂದ ಅವರನ್ನು ಬಿಟ್ಟು ಮುಂದುವರಿಯುವುದು ಜಾಣತನವಲ್ಲ.

ಎರಡನೆಯದಾಗಿ ಅರಿಯಬೇಕಾದುದು ಸ್ಥಳ. ದೇವಸ್ಥಾನದ ಅಂಗಳ ವಿಶಾಲವಾಗಿಯೂ ತಂಪಾಗಿಯೂ ಇರಬಹುದು. ಆದರೆ ಅಲ್ಲಿಗೆ ಬರಲು ಯಾವ ಕೇರಿಯ ಹೆಂಗಸರಿಗೆ ಸಂಕೋಚ? ಗೌಡರ ಮನೆಯ ಜಗಲಿಯಲ್ಲಿ ಸಮನಾಗಿ ಚಾಪೆ ಹಾಸಲು ಯಾರು ಹಿಂಜರಿಯುತ್ತಾರೆ? ಮುಸಲ್ಮಾನರ ಬೀದಿಯ ಹೆಂಗಸರು ಎಲ್ಲಿಗೆ ನಿರಾತಂಕವಾಗಿ ಬಂದಾರು? ಸ್ಥಳವನ್ನು ಆರಿಸಿದಾಗಲೇ ಕಲಿಯುವವರನ್ನೂ ಆರಿಸಿದಂತಾಯಿತೆಂಬುದನ್ನು ಮರೆಯಬಾರದು. ಶಾಲೆ, ಅಂಗನವಾಡಿ, ಸಮುದಾಯ ಭವನ ಇವು ಎಲ್ಲರಿಗೂ ಸೇರಿದ ಜಾಗಗಳು. ಪ್ರಾರ್ಥನೆ ಮಂತ್ರಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಉಸಿರಿಗೆ ಜಾತಿಯೂ ಇಲ್ಲ, ಮತವೂ ಇಲ್ಲ.

ಉಡುಪು, ಭಾಷೆಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಸೀರೆಯುಟ್ಟವರು ಮುಜುಗರವಿಲ್ಲದೆ ಮಾಡಬಹುದಾದ ಆಸನಗಳೇ ಬೇಕಾದಷ್ಟಿವೆ. ಸಂಸ್ಕೃತದ ಹೆಸರುಗಳ ಜೊತೆಗೆ 'ಹಾವಿನ ಹೆಡೆ', 'ಸೇತುವೆ', 'ಮೊಸಳೆ' ಎಂದರೆ ಸಾಕು. ವಯಸ್ಸಾದವರನ್ನು ಅಜ್ಜಿ, ಅವ್ವ ಎಂದೂ ಸಮವಯಸ್ಕರನ್ನು ಅಕ್ಕ ಎಂದೂ ಕರೆಯುವವಳಿಗೆ ಹೆಸರು ಹಿಡಿದು ಕೂಗುವವಳಿಗಿಂತ ಬೇಗ ಮನೆಯ ಬಾಗಿಲು ತೆರೆಯುತ್ತದೆ. ಇನ್ನು ಉಪಕರಣಗಳು. ಯಾವ ದೇಹಕ್ಕಾದರೂ ಆಸನ ಸಾಧ್ಯವಾಗಲೆಂದು ಅಯ್ಯಂಗಾರ್ಯರು ಹಗ್ಗ, ಮರದ ತುಂಡು, ಕುರ್ಚಿ, ಕಂಬಳಿಗಳನ್ನು ಬಳಕೆಗೆ ತಂದರು. ಹಳ್ಳಿಯಲ್ಲಿ ಇವಕ್ಕೆ ಹಣ ತೆರಬೇಕಾಗಿಲ್ಲ: ಕೂರುವ ಮಣೆ, ಮಡಿಸಿದ ಕಂಬಳಿ, ಜಗಲಿಯ ಅಂಚು, ತೊಟ್ಟಿಯ ಕಂಬ ಎಲ್ಲವೂ ಕೈಯಳತೆಯಲ್ಲಿಯೇ ಇವೆ.

ಹೇಳದ ನೋವುಗಳು

ಪರಿಚಯ ಬೆಳೆದಂತೆ, ಮೊದಲ ದಿನ "ನಮಗೇನಾಗದೆ ಟೀಚರಮ್ಮ, ಚೆನ್ನಾಗೇ ಇದೀವಿ" ಎಂದವರು ನಾಲ್ಕನೆಯ ವಾರ ಬೇರೆ ಮಾತು ಆಡುತ್ತಾರೆ. ಸೊಂಟನೋವು, ಮಂಡಿನೋವು, ತಲೆಸುತ್ತು, ಬಿಳಿಸೆರಗು, ಕೆಮ್ಮಿದರೆ ತಡೆಯದ ಮೂತ್ರ, ಹೆರಿಗೆಯ ಮೇಲೆ ಜಾರಿದ ಗರ್ಭಕೋಶ ಮೊದಲಾದುವು ಒಂದೊಂದಾಗಿ ಹೊರಬರುತ್ತವೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. "ಆಪರೇಷನ್ ಆದಾಗ್ಲಿಂದ ಸೊಂಟ ಹಿಡ್ಕಂಡದೆ" ಎಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುವುದೇ. ಕಾರಣ ಅದೇ ಇರಲಿ, ಬೇರೆಯಿರಲಿ, ಶಿಕ್ಷಕಿ ಅದನ್ನು ನಕ್ಕು ತಳ್ಳಿಹಾಕಬಾರದು.

ಇಲ್ಲಿ ಒಂದು ಗಂಭೀರವಾದ ವಿಷಯವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ 57, ಕರ್ನಾಟಕದವರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಉಂಟು. ತರಗತಿಗೆ ಬಂದ ಇಪ್ಪತ್ತು ಮಂದಿಯಲ್ಲಿ ಒಂಬತ್ತು ಹತ್ತು ಮಂದಿಗೆ ರಕ್ತ ಸಾಲದೆಂದು ಶಿಕ್ಷಕಿ ಊಹಿಸಿಕೊಂಡೇ ಹೊರಡಬೇಕು. ಇಂಥವರಿಗೆ ರಭಸದ ಕಪಾಲಭಾತಿಯೂ, ಬಗ್ಗಿದ ಕೂಡಲೇ ನೆಟ್ಟಗೆ ಏಳುವುದೂ ಬವಳಿಗೆ ಕಾರಣವಾಗಬಹುದು. ಗರ್ಭಕೋಶ ಜಾರಿದವಳಿಗೆ ಜಿಗಿತವೂ ಹೊಟ್ಟೆಯನ್ನು ಬಲವಾಗಿ ತಳ್ಳುವ ಕ್ರಿಯೆಗಳೂ ಕೇಡು. ಬಸುರಿಗೂ ರಕ್ತದೊತ್ತಡದವಳಿಗೂ ಶೀರ್ಷಾಸನ ಹೇಳಿಕೊಡುವ ಮಾತೇ ಇಲ್ಲ. ಪತಂಜಲಿಯು ಎಂಟು ಅಂಗಗಳಲ್ಲಿ ಮೊದಲನೆಯದಾಗಿ ಯಮವನ್ನೂ, ಯಮಗಳಲ್ಲಿ ಮೊದಲನೆಯದಾಗಿ ಅಹಿಂಸೆಯನ್ನೂ ಇಟ್ಟಿದ್ದಾನೆ. ಆಸನ ಬರುವುದು ಮೂರನೆಯದಾಗಿ. ಕೇಳದೆ, ತಿಳಿಯದೆ ಆಸನ ಮಾಡಿಸುವುದು ಈ ಕ್ರಮವನ್ನೇ ತಲೆಕೆಳಗು ಮಾಡಿದಂತೆ. ಕೇಳುವ ರೀತಿಯೂ ಮುಖ್ಯ. ಎಲ್ಲರೆದುರಿಗೆ ಪಟ್ಟಿ ಹಿಡಿದು ಕೇಳಿದರೆ ಯಾರೂ ಹೇಳರು. ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿ ಕುಳಿತಾಗ ತಾವಾಗಿಯೇ ಹೇಳುತ್ತಾರೆ.

ಅತ್ಯಂತ ಕಷ್ಟದ ಆಸನ

ಹಳ್ಳಿಯ ಹೆಂಗಸಿಗೆ ಎಲ್ಲಕ್ಕಿಂತ ಕಷ್ಟದ ಆಸನ ಯಾವುದು? ಶವಾಸನ. ಇದು ತಮಾಷೆಯ ಮಾತಲ್ಲ. ಹಗಲು ಹೊತ್ತಿನಲ್ಲಿ, ಕಾಯಿಲೆಯಿಲ್ಲದೆ, ನಾಲ್ಕು ಜನರ ಮುಂದೆ ಕೈಕಾಲು ಚಾಚಿ ಅಂಗಾತ ಮಲಗುವ ಹಕ್ಕನ್ನು ನಮ್ಮ ಮನೆಗಳು ಅವಳಿಗೆ ಕೊಟ್ಟೇ ಇಲ್ಲ. ಮಲಗಿದ ಕೂಡಲೇ ಮನಸ್ಸು ಏಳುತ್ತದೆ: ಹಸುವಿಗೆ ನೀರಿಟ್ಟೆನೆ? ಅತ್ತೆ ಏನೆಂದಾರು? ಕಣ್ಣು ಮುಚ್ಚಲು ಹೇಳಿದರೆ ಒಂದು ಕಣ್ಣು ದಾರಿಯ ಮೇಲೆಯೇ ಇರುತ್ತದೆ. ಹದಿನೈದನೆಯ ಶತಮಾನದ್ದೆನ್ನಲಾದ ಹಠಯೋಗ ಪ್ರದೀಪಿಕೆಯು ಸಾಧಕನಿಗೆ ಏಕಾಂತವಾದ ಪುಟ್ಟ ಕುಟೀರವನ್ನು ವಿಧಿಸುತ್ತದೆ. ಹತ್ತು ಜನರಿರುವ ಮನೆಯ ಸೊಸೆಗೆ ಏಕಾಂತ ಎಲ್ಲಿಂದ ಬರಬೇಕು?

ಆದುದರಿಂದ ಶಿಕ್ಷಕಿಯು ಆ ಹತ್ತು ನಿಮಿಷದ ವಿಶ್ರಾಂತಿಯನ್ನು ಊರಿನಿಂದ ಸಂಪಾದಿಸಿಕೊಡಬೇಕಾಗುತ್ತದೆ. ಅತ್ತೆ ಸೊಸೆಯರಿಬ್ಬರನ್ನೂ ಒಟ್ಟಿಗೆ ಕರೆದರೆ ಒಬ್ಬರ ಮೇಲೊಬ್ಬರಿಗೆ ದೂರಿರುವುದಿಲ್ಲ. ಗಂಡಸರಿಗೂ ಒಂದು ದಿನ ವಿವರಿಸಿ ಹೇಳಿದರೆ ಅಡ್ಡಮಾತು ಕಡಿಮೆಯಾಗುತ್ತದೆ. ಮೊದಲು ಎರಡು ನಿಮಿಷ, ಆಮೇಲೆ ಐದು. ಬೇಕೆಂದವರು ಸೆರಗನ್ನೋ ಶಾಲನ್ನೋ ಹೊದ್ದು ಪಕ್ಕಕ್ಕೆ ತಿರುಗಿ ಮಲಗಲಿ. 'ನಾನೂ ದಣಿಯುತ್ತೇನೆ, ನನಗೂ ವಿಶ್ರಾಂತಿ ಬೇಕು' ಎಂದು ಒಬ್ಬ ಹೆಂಗಸು ತನಗೆ ತಾನೇ ಹೇಳಿಕೊಂಡ ದಿನ ಆ ತರಗತಿ ಸಾರ್ಥಕವಾಯಿತೆಂದು ತಿಳಿಯಬಹುದು. ಪತಂಜಲಿ ಆಸನಕ್ಕೆ ಹೇಳಿದ ಲಕ್ಷಣಗಳು ಎರಡೇ: ಸ್ಥಿರತೆ ಮತ್ತು ಸುಖ. ಸ್ಥಿರತೆಯನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ, ಕೊರತೆಯಿರುವುದು ಎರಡನೆಯದಕ್ಕೆ.

ಯೋಗದ ಎಲ್ಲೆ

ಹೀಗೆಂದ ಮಾತ್ರಕ್ಕೆ ಯೋಗವು ಸರ್ವರೋಗ ಪರಿಹಾರವೆಂದು ಭಾವಿಸಬಾರದು. ಬಹುಕಾಲದ ಸೊಂಟನೋವಿಗೆ ಔಷಧವಲ್ಲದ ಚಿಕಿತ್ಸೆಗಳನ್ನು ಹೇಳುವಾಗ ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಯೋಗವನ್ನೂ ಸೇರಿಸಿದೆ. ಇದು ಗೌರವದ ಸಂಗತಿ. ಆದರೆ ರಕ್ತಹೀನತೆಗೆ ಬೇಕಾದುದು ಕಬ್ಬಿಣಾಂಶದ ಮಾತ್ರೆ, ಸೊಪ್ಪು, ಕಾಳು, ಹೊಟ್ಟೆ ತುಂಬ ಊಟ, ಪ್ರಾಣಾಯಾಮವಲ್ಲ. ಗರ್ಭಕೋಶದ ತೊಂದರೆಗೆ ಬೇಕಾದವರು ವೈದ್ಯರು. ಮನೆಯ ಮುಂದೆ ನಲ್ಲಿ ಬಂದರೆ ಸೊಂಟಕ್ಕೆ ಆಗುವ ಉಪಕಾರ ಹತ್ತು ಆಸನಗಳಿಂದ ಆಗಲಾರದು. ನಿಂತೇ ಕಳೆ ತೆಗೆಯುವ ಉಪಕರಣವೂ ಸರಿಯಾದ ಕೂಲಿಯೂ ಅಷ್ಟೇ ಮುಖ್ಯ. ಆಸನ ಕಲಿಸಿ ಇವುಗಳನ್ನೆಲ್ಲ ಮರೆಸಿದರೆ ಅದು ಉಪಕಾರವಲ್ಲ. ಆಸ್ಪತ್ರೆಗೆ ಯಾರನ್ನು ಯಾವಾಗ ಕಳುಹಿಸಬೇಕೆಂದು ಬಲ್ಲವಳೇ ನಿಜವಾದ ಶಿಕ್ಷಕಿ.

ಉಪಸಂಹಾರ

ನಮ್ಮ ಕಾಲೇಜಿನಲ್ಲಿ ಓದುತ್ತಿರುವ ನಾವು ಬಹುಮಂದಿ ಹಳ್ಳಿಗಳಿಂದ ಬಂದವರು. ಮೇಲೆ ಹೇಳಿದ ಹೆಂಗಸರು ನಮ್ಮ ತಾಯಂದಿರು, ಅತ್ತಿಗೆಯರು, ಅಕ್ಕಂದಿರು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಹೋಗುವ ವಿದ್ಯಾರ್ಥಿಗಳು ರಸ್ತೆ ಗುಡಿಸಿ, ಒಂದು ಬೆಳಗ್ಗೆ ಯೋಗ ಪ್ರದರ್ಶನ ಮಾಡಿ ಹಿಂದಿರುಗುವುದು ಸಾಮಾನ್ಯ. ಏಳು ದಿನಗಳಲ್ಲಿ ಮೊದಲ ಮೂರು ದಿನಗಳನ್ನು ಆ ಊರಿನ ಹೆಂಗಸರ ಹೊತ್ತು, ಕೆಲಸ, ನೋವು, ಹಾಡು ಇವುಗಳನ್ನು ಕೇಳಿ ತಿಳಿಯಲು ಮೀಸಲಿಟ್ಟರೆ, ಉಳಿದ ನಾಲ್ಕು ದಿನ ಏನು ಕಲಿಸಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಅಷ್ಟು ದೂರವೂ ಹೋಗಬೇಕಾಗಿಲ್ಲ. ರಜೆಯಲ್ಲಿ ಮನೆಗೆ ಹೋದಾಗ ಸಂಜೆಯ ಪಾತ್ರೆಗಳನ್ನು ನಾವು ತೊಳೆದು, "ಅವ್ವಾ, ನೀನು ಒಂದು ಗಳಿಗೆ ಮಲಗು" ಎಂದರೆ ಅದೂ ಒಂದು ಯೋಗಶಿಕ್ಷಣವೇ. ಇದಕ್ಕೆ ಹುಡುಗರೂ ಅರ್ಹರೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ